ಎರಡು ಹದ್ದುಗಳ ಅಂಗಿ

ಈ ಪುಟವನ್ನು ತಪ್ಪದೆ ಓದುವ ಗೃಹಸ್ಥರೊಬ್ಬರು, ತಮ್ಮ ಮನೆಯ ಹುಡುಗರು ಕಾಲ್ಚೆಂಡಿನಾಟದ ಹುಚ್ಚಿನಲ್ಲಿ ಊಟ ನಿದ್ರೆಗಳನ್ನೇ ಮರೆತಿರುವರೆಂದೂ, ಆ ಆಟದಲ್ಲಿ ಬಲ್ಲವರು ಓದಿ ತಿಳಿಯತಕ್ಕ ಸಂಗತಿ ಏನಾದರೂ ಉಂಟೇ ಎಂದೂ ನನ್ನನ್ನು ಕೇಳಿದರು. ಉಂಟು ಎಂಬುದೇ ನನ್ನ ಉತ್ತರ. ನಮ್ಮ ಸಂಸ್ಕೃತ ಗ್ರಂಥಗಳಲ್ಲಿ ಕಂದುಕಕ್ರೀಡೆಗೆ ಗೌರವದ ಸ್ಥಾನವೇ ಇರುವುದು. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಪುತ್ರಿಯು ಪುರಜನರೆದುರಿಗೆ ಚೆಂಡಾಡುವ ಪ್ರಕರಣವನ್ನು ಓದಿದವರಿಗೆ, ನೆಲಕ್ಕೆ ಬಡಿದು ಮೇಲೆದ್ದು ಬರುವ ಒಂದು ಚೆಂಡಿನ ಗತಿಯನ್ನು ವರ್ಣಿಸುವುದಕ್ಕಾಗಿ ಅಂತಹ ಪಂಡಿತನೂ ಎಷ್ಟು ಶ್ರಮಪಟ್ಟಿರುವನೆಂಬುದು ಗೊತ್ತು. ಆದರೆ ಅದು ಕೈಯ ಚೆಂಡು, ಉತ್ಸವದ ಚೆಂಡು. ಇಂದು ನಾನು ಹೇಳಹೊರಟಿರುವುದು ಕಾಲಿನ ಚೆಂಡಿನವನ ಕಥೆ. ವಿನೋದದಲ್ಲಿ ಮೊದಲಾಗಿ ವಿನೋದದಲ್ಲಿ ಮುಗಿಯದ ಕಥೆ.

ಅವನ ಹೆಸರು ಎರ್ನೆಸ್ಟ್ ವಿಲಿಮೊವ್ಸ್ಕಿ. ಪೋಲೆಂಡ್ ದೇಶದ ಮುಂಚೂಣಿಯ ಆಟಗಾರರಲ್ಲಿ ಅವನಿಗೆ ಸಮಾನರು ಕೆಲವರೇ. ಆದರೂ ಆ ದೇಶದಲ್ಲಿ ನಲವತ್ತು ವರ್ಷಗಳ ಮೇಲ್ಪಟ್ಟು ಅವನ ಹೆಸರನ್ನು ಗಟ್ಟಿಯಾಗಿ ಹೇಳುವವರು ಕಡಮೆಯಾಗಿದ್ದರು. ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಅವನು ಹುಟ್ಟಿದ ಸೀಮೆಯನ್ನು ಮೊದಲು ನೋಡಬೇಕು.

ಯೂರೋಪ್ ಖಂಡದ ನಡುವೆ ಸೈಲೀಶಿಯಾ ಎಂಬ ಪ್ರಾಂತವಿದೆ. ಅದರ ಮೇಲ್ಭಾಗದಲ್ಲಿ ನೆಲದ ಕೆಳಗೆಲ್ಲಾ ಕಲ್ಲಿದ್ದಲು, ನೆಲದ ಮೇಲೆಲ್ಲಾ ಕಬ್ಬಿಣದ ಕುಲುಮೆಗಳು. ಧನವಿರುವ ಕಡೆ ಕಲಹವೂ ಇರುವುದು ಸಹಜವಷ್ಟೆ. ಪೋಲೆಂಡ್ ರಾಜ್ಯವನ್ನು ನೆರೆಹೊರೆಯ ಮೂವರು ಅರಸರು ಹಂಚಿಕೊಂಡು ನುಂಗಿದ್ದುದರಿಂದ, 1795ನೆಯ ಇಸವಿಯಿಂದ 1918ರವರೆಗೆ, ಅಂದರೆ 123 ವರ್ಷಗಳ ಕಾಲ, ಭೂಪಟದಲ್ಲಿ ಆ ಹೆಸರಿನ ಸ್ವತಂತ್ರ ದೇಶವೇ ಇರಲಿಲ್ಲ. ಮೇಲಿನ ಸೈಲೀಶಿಯಾವಂತೂ ಅದಕ್ಕೂ ಬಹು ಹಿಂದೆಯೇ ಪೋಲೆಂಡಿನ ಕೈತಪ್ಪಿ ಕಡೆಗೆ ಜರ್ಮನಿಯ ಪಾಲಾಗಿತ್ತು. ಅಲ್ಲಿಯ ಜನರು ಮನೆಯಲ್ಲಿ ಆಡುತ್ತಿದ್ದುದು ಪೋಲಿಷ್ ನುಡಿಯ ಒಂದು ಪ್ರಾಂತಭೇದ, ಕಚೇರಿಯಲ್ಲಿ ಜರ್ಮನ್. ಎಷ್ಟೋ ಮನೆಗಳಲ್ಲಿ ಎರಡೂ ಸೇರಿದ ಒಂದು ಮಿಶ್ರಭಾಷೆ. ಅಂತಹ ಸೀಮೆಯ ಕಾತೊವಿತ್ಸೆ ನಗರದಲ್ಲಿ 1916ನೆಯ ಜೂನ್ 23ರಂದು ನಮ್ಮ ಕಥಾನಾಯಕನು ಹುಟ್ಟಿದನು. ಆಗ ಆ ಊರು ಜರ್ಮನ್ ಚಕ್ರವರ್ತಿಯದು. ಅದರ ಹೆಸರು ಕಾಟೊವಿಟ್ಸ್. ಹುಡುಗನಿಗೆ ಇಟ್ಟ ಹೆಸರು ಎರ್ನ್ಸ್ಟ್ ಒಟ್ಟೊ ಪ್ರಾಡೆಲ್ಲಾ. ತಂದೆಯು ಜರ್ಮನ್ ಸೈನ್ಯದ ಸಿಪಾಯಿ. ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಮಗನಿಗೆ ತಂದೆಯ ಮುಖದ ನೆನಪಿರುವುದು ಸಾಧ್ಯವಿರಲಿಲ್ಲ.

ಯುದ್ಧವು ಮುಗಿದ ಮೇಲೆ ಪೋಲೆಂಡ್ ಮತ್ತೆ ತಲೆಯೆತ್ತಿತು. ಸೈಲೀಶಿಯಾ ಯಾರಿಗೆ ಸೇರಬೇಕೆಂಬ ವಿವಾದವೆದ್ದು 1919, 1920, 1921ರಲ್ಲಿ ಮೂರು ಬಾರಿ ದಂಗೆಗಳಾದವು. 1921ನೆಯ ಮಾರ್ಚ್ 20ರಂದು ಜನಮತವನ್ನು ಕೇಳಿದಾಗ ನೂರಕ್ಕೆ ಸುಮಾರು 60 ಮಂದಿ ಜರ್ಮನಿಯೆಂದೂ 40 ಮಂದಿ ಪೋಲೆಂಡೆಂದೂ ಹೇಳಿದರು. ಅಣ್ಣನು ಒಂದು ಕಡೆ, ತಮ್ಮನು ಇನ್ನೊಂದು ಕಡೆ ಮತ ಹಾಕಿದ ಮನೆಗಳಿಗೆ ಲೆಕ್ಕವಿಲ್ಲ. ಕಡೆಗೆ ಪ್ರಾಂತವನ್ನೇ ಸೀಳಿದರು. 1922ರ ಜೂನ್ ತಿಂಗಳಲ್ಲಿ, ಹುಡುಗನಿಗೆ ಆರು ವರ್ಷ ತುಂಬುವ ಹೊತ್ತಿಗೆ, ಪೋಲೆಂಡಿನ ಸೈನ್ಯವು ಕಾತೊವಿತ್ಸೆಯನ್ನು ಪ್ರವೇಶಿಸಿತು. ಅವನು ಮನೆ ಬಿಟ್ಟು ಕದಲಲಿಲ್ಲ. ದೇಶವೇ ಅವನ ಮನೆಬಾಗಿಲಿಗೆ ಬಂದು ಬದಲಾಯಿತು. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ವಿಧವೆಯಾಗಿದ್ದ ತಾಯಿ ಪಾಲೀನಾ ಪುನರ್ವಿವಾಹ ಮಾಡಿಕೊಂಡಳು. ಎರಡನೆಯ ಪತಿಯಾದ ರೋಮನ್ ವಿಲಿಮೊವ್ಸ್ಕಿಯು 1929ರಲ್ಲಿ ಹುಡುಗನನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡುದರಿಂದ, ಹದಿಮೂರನೆಯ ವಯಸ್ಸಿನಲ್ಲಿ ಪ್ರಾಡೆಲ್ಲಾ ಹೋಗಿ ವಿಲಿಮೊವ್ಸ್ಕಿಯಾಯಿತು, ಎರ್ನ್ಸ್ಟ್ ಹೋಗಿ ಎರ್ನೆಸ್ಟ್ ಆಯಿತು. ಹೆತ್ತವನದೊಂದು ಕುಲ, ಸಾಕಿದವನದೊಂದು ಹೆಸರು. ಭಾರತ ಕಥೆಯನ್ನು ಕೇಳಿ ಬೆಳೆದ ನಮಗೆ ಇಂತಹ ಕಡೆ ರಾಧೇಯನು ನೆನಪಾಗದೆ ಇರನು. ಆದರೆ ಹೋಲಿಕೆಯನ್ನು ಬಹುದೂರ ಎಳೆಯತಕ್ಕದ್ದಲ್ಲ. ಕರ್ಣನಿಗೆ ತಾನು ಯಾರ ಮಗನೆಂಬುದು ತಿಳಿದ ಮೇಲೆ ನಿರ್ಧರಿಸುವ ಅವಕಾಶವಿತ್ತು, ಮತ್ತು ಅವನು ಒಂದೇ ಪಕ್ಷದಲ್ಲಿ ನಿಂತು ಸತ್ತನು.

ಈ ಹುಡುಗನ ಬಲಪಾದಕ್ಕೆ ಆರು ಬೆರಳುಗಳು. ನಮ್ಮ ಹಳ್ಳಿಗಳಲ್ಲಾದರೆ ಅದನ್ನು ಅದೃಷ್ಟದ ಗುರುತೆನ್ನುವರು. ಅಲ್ಲಿಯೂ ಅವನು ಹೆಸರಾದ ಮೇಲೆ ಆ ಆರನೆಯ ಬೆರಳಿಗೆ ಅನೇಕ ಮಹಿಮೆಗಳನ್ನು ಕಟ್ಟಿದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕೆಂಚು ಕೂದಲು, ಅಗಲವಾದ ಕಿವಿ, ಆಳಿನಲ್ಲಿ ಅಷ್ಟು ಎತ್ತರವಿಲ್ಲ. ಆದರೆ ಎದುರಿಗೆ ಬಂದವನನ್ನು ಬಲಕ್ಕೆ ಹೋಗುವಂತೆ ನಂಬಿಸಿ ಎಡಕ್ಕೆ ನುಸುಳುವುದರಲ್ಲಿಯೂ, ಗೋಲು ಕಾಯುವವನೊಬ್ಬನೇ ಉಳಿದಾಗ ಕೈಕಾಲು ನಡುಗದೆ ಚೆಂಡನ್ನು ಮೂಲೆಗೆ ತಳ್ಳುವುದರಲ್ಲಿಯೂ ಅವನ ಸಮಾನರಿರಲಿಲ್ಲವೆಂದು ನೋಡಿದವರು ಬರೆದಿರುವರು.

ಮೊದಲು ಅವನು ಸೇರಿದ್ದು ಕಾತೊವಿತ್ಸೆಯಲ್ಲಿ ಜರ್ಮನ್ ಮನೆತನದವರು ನಡೆಯಿಸುತ್ತಿದ್ದ ಆಟದ ಸಂಘವನ್ನು. ಹದಿನೇಳು ವಯಸ್ಸಿನೊಳಗೇ ಪಕ್ಕದ ವಿಯೆಲ್ಕಿಯೆ ಹೈದೂಕಿ ಎಂಬ ಕುಲುಮೆಯ ಊರಿನ ರೂಖ್ ಸಂಘಕ್ಕೆ ಹೋದನು. ಇದು ಪೋಲಿಷರ ಸಂಘ; ದಂಗೆಗಳ ಕಾಲದಲ್ಲಿ, 1920ರಲ್ಲಿ, ಹುಟ್ಟಿದ್ದು. ಆ ಊರು 1939ರಲ್ಲಿ ಖೋಝೂವ್ ನಗರಕ್ಕೆ ಸೇರಿಹೋದುದರಿಂದ ಈಗ ಆ ಸಂಘವನ್ನು ಖೋಝೂವಿನ ರೂಖ್ ಎಂದು ಕರೆಯುವರು. ಜರ್ಮನರ ಸಂಘದಿಂದ ಪೋಲಿಷರ ಸಂಘಕ್ಕೆ ಹೋದುದು ಆಗ ಸಣ್ಣ ಸಂಗತಿಯಾಗಿರಲಿಲ್ಲ. ಹಿಂದಿನ ಸಂಘದವರು ಅವನನ್ನು ಪಕ್ಷ ಬಿಟ್ಟವನೆಂದರು. ಜೀವಮಾನದಲ್ಲಿ ಆ ಮಾತನ್ನು ಅವನು ಕೇಳಿಸಿಕೊಂಡದ್ದು ಅದೇ ಮೊದಲು. ಮುಂದೆ ಕೇಳಬೇಕಾಗಿದ್ದುದು ಎದುರಿನ ದಿಕ್ಕಿನಿಂದ.

ರೂಖ್ ಸಂಘದಲ್ಲಿ ವಿಲಿಮೊವ್ಸ್ಕಿ, ತೆಯೊದೋರ್ ಪೆತೆರೆಕ್, ಗೆರಾರ್ಡ್ ವೊದಾಜ್ ಎಂಬ ಮೂವರು ಮುಂದಾಳುಗಳು ಸೇರಿದ ಮೇಲೆ ಅವರನ್ನು ತಡೆಯುವವರಿಲ್ಲವಾಯಿತು. 1934, 1935, 1936 ಮತ್ತು 1938ರಲ್ಲಿ ಆ ಸಂಘವು ದೇಶದ ಪ್ರಥಮಸ್ಥಾನವನ್ನು ಪಡೆಯಿತು. 1934ರಲ್ಲಿ ಹದಿನೆಂಟು ತುಂಬಿಯೂ ತುಂಬದ ಹುಡುಗನು ಒಬ್ಬನೇ 33 ಗೋಲುಗಳನ್ನು ಹೊಡೆದು ಎಲ್ಲರಿಗಿಂತಲೂ ಮುಂದಾದನು. ಆ ವರ್ಷವೇ ಮೇ 21ರಂದು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನೆದುರಿಗೆ ಪೋಲೆಂಡ್ ದೇಶದ ಅಂಗಿಯನ್ನು ಮೊದಲು ತೊಟ್ಟನು. ಎದೆಯ ಮೇಲೆ ಬಿಳಿಯ ಹದ್ದಿನ ಲಾಂಛನ. ಮುಂದಿನ ಐದು ವರ್ಷಗಳಲ್ಲಿ ಆ ಅಂಗಿಯಲ್ಲಿ ಆಡಿದ ಪಂದ್ಯಗಳು 22, ಹೊಡೆದ ಗೋಲುಗಳು 21. ಗಣಿತ ಬಲ್ಲವರಿಗೆ ವ್ಯಾಖ್ಯಾನ ಬೇಕಿಲ್ಲ.

ಇವನಲ್ಲಿ ದೋಷಗಳಿರಲಿಲ್ಲವೇ? ಇದ್ದವು. ಮದ್ಯಪಾನ ಮತ್ತು ರಾತ್ರಿಯ ಕೂಟಗಳಲ್ಲಿ ಆಸಕ್ತಿ ಹೆಚ್ಚು. ಶಿಸ್ತು ತಪ್ಪಿದನೆಂದು ಅಧಿಕಾರಿಗಳು ಅವನನ್ನು ಆಟದಿಂದ ಹೊರಗಿಟ್ಟುದರಿಂದ 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಿಗೆ ಅವನು ಹೋಗಲಿಲ್ಲ. ಪೋಲೆಂಡ್ ಅಲ್ಲಿ ನಾಲ್ಕನೆಯದಾಗಿ ಪದಕವಿಲ್ಲದೆ ಹಿಂದಿರುಗಿತು. ಹಿಟ್ಲರನ ಕಣ್ಣೆದುರಿಗೆ ಸೈಲೀಶಿಯಾದ ಈ ಹುಡುಗನನ್ನು ಆಡಿಸುವುದಕ್ಕೆ ಅಂಜಿಯೇ ಹೀಗೆ ಮಾಡಿದರೆಂದು ಕೆಲವರ ಊಹೆ. ಕುಡಿದದ್ದು ಸಾಕ್ಷಿಯುಳ್ಳ ಕಾರಣವಾಗಿರುವಾಗ ಅದಕ್ಕಿಂತ ದೊಡ್ಡ ಕಾರಣವನ್ನು ಹುಡುಕುವುದು ನನಗೆ ಅನಾವಶ್ಯಕವಾಗಿ ತೋರುತ್ತದೆ.

ಈಗ 1938ನೆಯ ಇಸವಿಯ ಜೂನ್ 5ನೆಯ ತಾರೀಖಿಗೆ ಬರೋಣ. ಫ್ರಾನ್ಸ್ ದೇಶದಲ್ಲಿ ಮೂರನೆಯ ವಿಶ್ವಕಪ್ ಪಂದ್ಯಗಳು. ಪೋಲೆಂಡ್ ಅಲ್ಲಿಗೆ ಹೋದುದು ಅದೇ ಮೊದಲು. ಈಗಿನಂತೆ ಮೂರು ನಾಲ್ಕು ಪಂದ್ಯಗಳ ಸುತ್ತು ಆಗ ಇರಲಿಲ್ಲ. ಒಮ್ಮೆ ಸೋತವರು ಗಂಟುಮೂಟೆ ಕಟ್ಟಬೇಕು. ಪೋಲೆಂಡಿನ ಪಾಲಿಗೆ ಬಂದ ಎದುರಾಳಿ ಬ್ರೆಜಿಲ್, ಸ್ಥಳ ಸ್ಟ್ರಾಸ್‌ಬರ್ಗ್. ಈ ಊರೂ ಕಾತೊವಿತ್ಸೆಯ ತಂಗಿಯೇ ಸರಿ: 1871ರವರೆಗೆ ಫ್ರಾನ್ಸಿನದು, ಬಳಿಕ ಜರ್ಮನಿಯದು, 1918ರಿಂದ ಮರಳಿ ಫ್ರಾನ್ಸಿನದು, 1940ರಲ್ಲಿ ಮತ್ತೆ ಜರ್ಮನರ ಕೈಗೆ ಹೋಗಿ 1944ರಲ್ಲಿ ಬಿಡುಗಡೆಯಾದದ್ದು.

ಬ್ರೆಜಿಲಿನ ಪಕ್ಷದಲ್ಲಿ ಲಿಯೊನಿಡಾಸ್ ಎಂಬ ನೀಗ್ರೋ ಜಾತಿಯ ಮಹಾಕುಶಲನಿದ್ದನು. ಅವನನ್ನು ಜನರು ಕಪ್ಪು ವಜ್ರವೆಂದು ಕರೆಯುತ್ತಿದ್ದರು. ಹದಿನೆಂಟನೆಯ ನಿಮಿಷದಲ್ಲಿ ಅವನೇ ಮೊದಲ ಗೋಲು ಹೊಡೆದನು. ಸ್ವಲ್ಪ ಹೊತ್ತಿನಲ್ಲಿ ವಿಲಿಮೊವ್ಸ್ಕಿಯು ಚೆಂಡನ್ನು ಕಾಲಿಗಂಟಿಸಿಕೊಂಡು ನುಗ್ಗಲು, ಬ್ರೆಜಿಲಿನ ಹಿಂಗಾವಲಿನ ದೊಡ್ಡ ಹೆಸರಿನವನಾದ ದೊಮಿಂಗೊಸ್ ಅವನನ್ನು ಕೆಡವಿದನು. ತೀರ್ಪುಗಾರನು ಪೆನಾಲ್ಟಿ ಕೊಟ್ಟನು. ಅದನ್ನು ಗೋಲಾಗಿಸಿದವನು ಫ್ರಿಡೆರಿಕ್ ಶೆರ್ಫ್ಕೆ. ವಿಶ್ವಕಪ್ಪಿನಲ್ಲಿ ಪೋಲೆಂಡಿನ ಪ್ರಥಮ ಗೋಲು ಇದು, ಹೊಡೆದವನಾದರೋ ಪೊಜ್ನಾನ್ ನಗರದ ಜರ್ಮನ್ ಮನೆತನದವನು. ಅರ್ಧ ಆಟ ಮುಗಿಯುವಾಗ ಬ್ರೆಜಿಲಿಗೆ 3, ಪೋಲೆಂಡಿಗೆ 1. ಮುಗಿಯಿತೆಂದು ಎಲ್ಲರೂ ತಿಳಿದರು.

ಎರಡನೆಯ ಅರ್ಧದಲ್ಲಿ ವಿಲಿಮೊವ್ಸ್ಕಿಯ ಆಟವು ನಿಜವಾಗಿ ಮೊದಲಾಯಿತು. 53ನೆಯ ನಿಮಿಷದಲ್ಲಿ ಒಂದು, 59ನೆಯ ನಿಮಿಷದಲ್ಲಿ ಇನ್ನೊಂದು. ಮೂರಕ್ಕೆ ಮೂರು ಸಮವಾಯಿತು. ಬ್ರೆಜಿಲ್ ಮತ್ತೊಂದು ಹೊಡೆದು ಮುಂದಾಯಿತು. ಆಟ ಮುಗಿಯಲು ಒಂದೇ ನಿಮಿಷ ಉಳಿದಿರುವಾಗ ಮತ್ತೆ ವಿಲಿಮೊವ್ಸ್ಕಿ, ನಾಲ್ಕಕ್ಕೆ ನಾಲ್ಕು. ಹೆಚ್ಚಿನ ಅರ್ಧಗಂಟೆಯ ಆಟ ನಡೆಯಬೇಕಾಯಿತು. ಅದರಲ್ಲಿ ಲಿಯೊನಿಡಾಸನು ಎರಡು ಗೋಲು ಹೊಡೆದನು. 118ನೆಯ ನಿಮಿಷದಲ್ಲಿ, ಇತರರು ಕಾಲೆತ್ತಲಾರದೆ ನಿಂತಿರುವಾಗ, ವಿಲಿಮೊವ್ಸ್ಕಿಯು ತನ್ನ ನಾಲ್ಕನೆಯದನ್ನು ಹೊಡೆದನು. ಅಷ್ಟಕ್ಕೆ ಕಾಲ ತೀರಿತು. ಬ್ರೆಜಿಲ್ 6, ಪೋಲೆಂಡ್ 5.

ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದವರಲ್ಲಿ ಅವನೇ ಮೊದಲಿಗನು. 1994ರಲ್ಲಿ ರಷ್ಯದ ಓಲೆಗ್ ಸಲೆಂಕೊ ಎಂಬವನು ಐದು ಹೊಡೆಯುವವರೆಗೆ, ಅಂದರೆ 56 ವರ್ಷಗಳ ಕಾಲ, ಅದನ್ನು ಮುಟ್ಟಿದವರುಂಟು, ಮೀರಿದವರಿಲ್ಲ. ಆದರೂ ಅವನು ಸೋತ ಪಕ್ಷದವನು. ಮರುದಿನ ಊರಿಗೆ ಹೊರಡಬೇಕಾದವನು. ಅವನ ಜೀವಮಾನದಲ್ಲಿ ವಿಶ್ವಕಪ್ ಎಂಬುದು ಆ ಎರಡು ಗಂಟೆ ಮಾತ್ರ.

ಆ ದಿನದ ಮಳೆಯ ಕೆಸರಿನಲ್ಲಿ ಲಿಯೊನಿಡಾಸನು ಬೂಟು ಕಳಚಿ ಬರಿಗಾಲಿನಲ್ಲಿ ಆಡಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಯೂರೋಪಿನವರು ಅದನ್ನು ಪವಾಡವೆಂಬಂತೆ ಹೇಳುವರು. ನಮಗೆ ಅದರಲ್ಲಿ ಅಷ್ಟು ಆಶ್ಚರ್ಯವಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರಿಗೆ ನಮ್ಮ ದೇಶದವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಅಂದು ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನ ಆಟಗಾರನು. ಇರಲಿ, ನಮ್ಮ ಕಥೆಗೆ ಮರಳೋಣ.

1939ನೆಯ ಮೇ 21ರಂದು ಲೋಡ್ಜ್ ನಗರದ ಒಂದು ಸಂಘದ ಮೇಲೆ ರೂಖ್ ಸಂಘವು 12 ಗೋಲು ಹೊಡೆಯಿತು. ಅವುಗಳಲ್ಲಿ 10 ವಿಲಿಮೊವ್ಸ್ಕಿಯವು. ಆಗಸ್ಟ್ 27ರಂದು ವಾರ್ಸಾ ನಗರಕ್ಕೆ ಹಂಗೇರಿಯ ಪಕ್ಷವು ಬಂದಿತು. ಹಿಂದಿನ ವರ್ಷದ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದವರು ಅವರು. ಗಡಿಯಲ್ಲಿ ಜರ್ಮನ್ ಸೇನೆ ಜಮಾಯಿಸುತ್ತಿತ್ತು. ಪೋಲೆಂಡಿನ ಯುವಕರಿಗೆ ಸೈನ್ಯದ ಕರೆ ಬರುತ್ತಿತ್ತು. ಮೊದಲು ಎರಡು ಗೋಲುಗಳ ಹಿನ್ನಡೆಯಲ್ಲಿದ್ದ ಪೋಲೆಂಡ್ ಕಡೆಗೆ ನಾಲ್ಕಕ್ಕೆ ಎರಡರಂತೆ ಗೆದ್ದಿತು. ನಾಲ್ಕರಲ್ಲಿ ಮೂರು ವಿಲಿಮೊವ್ಸ್ಕಿಯವು. ಆ ಸಂಜೆ ಹರ್ಷಧ್ವನಿ ಮಾಡಿದ ಪ್ರೇಕ್ಷಕರ ಸ್ಥಿತಿಯನ್ನು ಯೋಚಿಸಿದರೆ ಎದೆ ಭಾರವಾಗುವುದು. ಐದು ದಿನಗಳ ಮೇಲೆ, ಸೆಪ್ಟೆಂಬರ್ 1ರಂದು, ಹಿಟ್ಲರನ ಸೇನೆಯು ಪೋಲೆಂಡಿನೊಳಕ್ಕೆ ನುಗ್ಗಿತು. ಯುದ್ಧಪೂರ್ವದ ಪೋಲೆಂಡಿಗೆ ಅದೇ ಕಡೆಯ ಪಂದ್ಯ. ವಿಲಿಮೊವ್ಸ್ಕಿಗೆ ಬಿಳಿಯ ಹದ್ದಿನ ಅಂಗಿಯಲ್ಲಿ ಅದೇ ಕಡೆಯದು.

ಕಾತೊವಿತ್ಸೆಯು ಮೊದಲ ವಾರದಲ್ಲಿಯೇ ಬಿದ್ದಿತು. ಆ ಪ್ರಾಂತವನ್ನು ಹಿಟ್ಲರನು ಜರ್ಮನಿಗೇ ನೇರವಾಗಿ ಸೇರಿಸಿಕೊಂಡನು. ರೂಖ್ ಸಂಘದ ಪೋಲಿಷ್ ಹೆಸರನ್ನು ಅಳಿಸಿ ಜರ್ಮನ್ ಹೆಸರಿಟ್ಟರು. ಪೋಲಿಷ್ ಜನರು ಸಂಘ ಕಟ್ಟಿಕೊಂಡು ಆಡಕೂಡದೆಂದು ಆಜ್ಞೆಯಾಯಿತು. ಬಳಿಕ ಒಂದು ಪಟ್ಟಿ ಬಂದಿತು. ಜರ್ಮನ್ ಜನಾಂಗದ ಪಟ್ಟಿಯೆಂದು ಅದಕ್ಕೆ ಹೆಸರು. ಅದರಲ್ಲಿ ಹೆಸರು ಬರೆಯಿಸಿದವನಿಗೆ ಕೂಳು, ಕೆಲಸ, ಮನೆ. ಬರೆಯಿಸದವನಿಗೆ ಗಡೀಪಾರು, ಆಸ್ತಿಹರಣ, ಸೆರೆಯ ಶಿಬಿರ. ಸೈಲೀಶಿಯಾದಲ್ಲಿ ಲಕ್ಷಗಟ್ಟಲೆ ಮಂದಿ ಬರೆಯಿಸಿದರು. ಕಾತೊವಿತ್ಸೆಯ ಬಿಷಪ್ಪನಾದ ಸ್ತಾನಿಸ್ಲಾವ್ ಆದಾಮ್ಸ್ಕಿ ಎಂಬ ಪೋಲಿಷ್ ದೇಶಭಕ್ತನೇ, ಜನರು ನೆಲ ಬಿಡದೆ ಬದುಕಿ ಉಳಿಯಲೆಂದು, ಪಟ್ಟಿಯಲ್ಲಿ ಹೆಸರು ಬರೆಯಿಸಿರೆಂದು ಸಲಹೆ ಕೊಟ್ಟನು. ವಿಲಿಮೊವ್ಸ್ಕಿಯೂ ಬರೆಯಿಸಿದನು.

ಅಷ್ಟಕ್ಕೇ ನಿಂತಿದ್ದರೆ ಲಕ್ಷದಲ್ಲಿ ಒಬ್ಬನಾಗಿ ಹೋಗುತ್ತಿದ್ದನು. ಆದರೆ ಅವನು ಪ್ರಸಿದ್ಧನು, ಮತ್ತು ಆಡದೆ ಇರಲಾರದವನು. 1940ರಲ್ಲಿ ಊರು ಬಿಟ್ಟು ಜರ್ಮನಿಯ ಕೆಮ್ನಿಟ್ಸ್ ನಗರಕ್ಕೆ ಹೋಗಿ ಅಲ್ಲಿಯ ಪೊಲೀಸರ ಸಂಘದಲ್ಲಿ ಆಡಿದನು. 1942ರಲ್ಲಿ ಮ್ಯೂನಿಕ್ ನಗರದ 1860 ಎಂಬ ಸಂಘವನ್ನು ಸೇರಿ, ಆ ವರ್ಷದ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಶಾಲ್ಕೆಯ ಮೇಲೆ ಗೋಲು ಹೊಡೆದು ಜರ್ಮನಿಯ ಕಪ್ಪನ್ನು ಗೆದ್ದುಕೊಟ್ಟನು. ಅದಕ್ಕೆ ಮೊದಲೇ, 1941ನೆಯ ಜೂನ್ 1ರಂದು, ಬುಖಾರೆಸ್ಟಿನಲ್ಲಿ ರುಮೇನಿಯಾದೆದುರಿಗೆ ಜರ್ಮನ್ ದೇಶದ ಅಂಗಿಯನ್ನು ತೊಟ್ಟಿದ್ದನು. ಅದರ ಮೇಲೂ ಹದ್ದೇ. ಆದರೆ ಕಾಲಿನಲ್ಲಿ ನಾಜಿಗಳ ಚಕ್ರವನ್ನು ಹಿಡಿದ ಹದ್ದು. ನಮ್ಮ ಮಂಗಳದ ಸ್ವಸ್ತಿಕವನ್ನು ಆ ದುರಾತ್ಮರು ಏನು ಮಾಡಿದರೆಂಬುದನ್ನು ನೆನೆಯಲಾರೆ. ಆ ಅಂಗಿಯಲ್ಲಿ ಎಂಟು ಪಂದ್ಯ, ಹದಿಮೂರು ಗೋಲು. 1942ರ ಅಕ್ಟೋಬರಿನಲ್ಲಿ ಬರ್ನ್ ನಗರದಲ್ಲಿ ಸ್ವಿಟ್ಸರ್ಲೆಂಡಿನ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು. ಸ್ಟ್ರಾಸ್‌ಬರ್ಗಿನಲ್ಲಿ ಹೊಡೆದಷ್ಟೇ.

ಆ ವರ್ಷಗಳಲ್ಲಿ ಅವನ ಹಳೆಯ ಜೊತೆಗಾರರು ಏನಾಗಿದ್ದರು? 1938ರ ತಂಡಕ್ಕೆ ಆರಿಸಲ್ಪಟ್ಟಿದ್ದ, ಕ್ರಾಕೋ ನಗರದ ಆಂತೋನಿ ವೀಕೊ ಎಂಬವನನ್ನು ಜರ್ಮನರು ಹಿಡಿದು ಔಷ್ವಿಟ್ಸ್ ಶಿಬಿರದಲ್ಲಿಟ್ಟು 1941ನೆಯ ಜುಲೈ 3ರಂದು ಗುಂಡಿಟ್ಟು ಕೊಂದರು. ತಂಡವನ್ನು ಕಟ್ಟಿ ಸ್ಟ್ರಾಸ್‌ಬರ್ಗಿಗೆ ಕರೆದೊಯ್ದಿದ್ದ ಯೂಜೆಫ್ ಕಾವೂಝಾ, ಪಾಠಶಾಲೆಯ ಉಪಾಧ್ಯಾಯನು, ಜರ್ಮನರ ಕೆಳಗೆ ಆಟದ ಕೆಲಸ ಮಾಡುವುದಿಲ್ಲವೆಂದು ನಿರಾಕರಿಸಿ 1944ರಲ್ಲಿ ಕ್ರಾಕೋದಲ್ಲಿಯೇ ಕಣ್ಣು ಮುಚ್ಚಿದನು. ಜರ್ಮನ್ ಮನೆತನದ ಶೆರ್ಫ್ಕೆ ಜರ್ಮನ್ ಸೈನ್ಯದ ಉಡುಪು ತೊಟ್ಟನು. ತೊಟ್ಟರೂ ಪೊಜ್ನಾನಿನ ಪೋಲಿಷ್ ಗೆಳೆಯರನ್ನು ಅಪಾಯದಿಂದ ಕಾಪಾಡಿದನೆಂದು ಅವರೇ ಹೇಳಿದರು. ಒಂದೇ ದಿನ ಒಂದೇ ಲಾಂಛನದ ಕೆಳಗೆ ಕಲೆತಿದ್ದವರು ಇವರೆಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನು ಮರೆಮಾಡದೆ ಹೇಳುವೆನು. ವೀಕೊ ಸತ್ತ ತಿಂಗಳುಗಳಲ್ಲಿ ಆ ಅಂಗಿಯನ್ನು ತೊಟ್ಟು ಓಡಿದುದನ್ನು ಬರಿಯ ಆಟವೆಂದು ತಳ್ಳಿಹಾಕಲಾಗದು. ನಾಜಿಗಳು ಪಂದ್ಯಗಳನ್ನು ನಡೆಯಿಸುತ್ತಿದ್ದುದು ಜನರ ಕಣ್ಣಿಗೆ ಮಣ್ಣೆರಚುವುದಕ್ಕೆ. ಅವನ ಒಂದೊಂದು ಗೋಲೂ ಅವರಿಗೆ ಒಂದೊಂದು ಹಿಡಿ ಮಣ್ಣಾಯಿತು. ಆದರೆ ಅವನು ಯಾರನ್ನೂ ಹಿಡಿದುಕೊಡಲಿಲ್ಲ, ಯಾರ ಮೇಲೂ ಬಂದೂಕು ಎತ್ತಲಿಲ್ಲ. ಕೊಂದವರಿಗೂ ಚೆಂಡೊದ್ದವನಿಗೂ ಒಂದೇ ಹೆಸರಿಡುವ ನ್ಯಾಯವು ನ್ಯಾಯವಲ್ಲ. ಧರ್ಮಶಾಸ್ತ್ರಗಳಲ್ಲಿ ಆಪದ್ಧರ್ಮಕ್ಕೆ ಬೇರೆ ಅಧ್ಯಾಯವನ್ನೇ ಇಟ್ಟಿರುವರಲ್ಲವೇ?

ಆಪತ್ತು ಎಷ್ಟೆಂಬುದಕ್ಕೆ ಇನ್ನೊಂದು ಸಂಗತಿಯುಂಟು. ಅವನ ತಾಯಿ ಪಾಲೀನಾ ರಷ್ಯದ ಯೆಹೂದ್ಯನೊಬ್ಬನ ಸಂಗಡ ಸ್ನೇಹವಿಟ್ಟುಕೊಂಡಿದ್ದಳು. ನಾಜಿಗಳ ಕಾನೂನಿನಲ್ಲಿ ಅದು ಘೋರಾಪರಾಧ. ಅವಳನ್ನು ಔಷ್ವಿಟ್ಸಿಗೆ ನೂಕಿದರು. ಕಾತೊವಿತ್ಸೆಯಿಂದ ಆ ಯಮಪುರಿಗೆ ಇರುವ ದೂರ ಸುಮಾರು 30 ಕಿಲೋಮೀಟರು. ಮಗನು ಬರ್ಲಿನ್ನಿನಲ್ಲಿಯೂ ಬರ್ನಿನಲ್ಲಿಯೂ ಜಯಘೋಷಗಳ ನಡುವೆ ಓಡುತ್ತಿದ್ದ ಕಾಲದಲ್ಲಿ ತಾಯಿಯ ತಲೆಯ ಮೇಲೆ ಆ ರಾಜ್ಯದ ಕತ್ತಿಯೇ ತೂಗುತ್ತಿತ್ತು. ಜರ್ಮನ್ ವಾಯುಸೇನೆಯ ಪ್ರಸಿದ್ಧ ವೈಮಾನಿಕನೂ ಕಾಲ್ಚೆಂಡಿನ ಭಕ್ತನೂ ಆದ ಹೆರ್ಮನ್ ಗ್ರಾಫ್ ಎಂಬವನನ್ನು ಹಿಡಿದು, ಅವನ ಮಾತಿನ ಬಲದಿಂದ ವಿಲಿಮೊವ್ಸ್ಕಿಯು ತಾಯಿಯನ್ನು ಬಿಡಿಸಿಕೊಂಡನೆಂದು ಅವನ ಚರಿತ್ರಕಾರರು ಹೇಳುವರು. ಅಂಗಿಯನ್ನು ತೊಡದೆ ನಿರಾಕರಿಸಿದ್ದರೆ ಆ ಮಾತಿಗೆ ದಾರಿಯಿರುತ್ತಿತ್ತೇ? ಮಕ್ಕಳನ್ನು ಹೆತ್ತು ಸಾಕಿದ ಗೃಹಿಣಿಯರು ಈ ಪ್ರಶ್ನೆಗೆ ಕೊಡುವ ಉತ್ತರವು ಸಭೆಯಲ್ಲಿ ಕುಳಿತ ಪಂಡಿತರ ಉತ್ತರಕ್ಕಿಂತ ಬೇರೆಯಾಗಬಹುದು. ಆದರೆ ಕಾಲಕ್ರಮವನ್ನೂ ಮರೆಯತಕ್ಕದ್ದಲ್ಲ: ಅವನು ಜರ್ಮನರ ಕಡೆ ಆಡತೊಡಗಿದುದು ತಾಯಿಯನ್ನು ಬಿಡಿಸಲೆಂದೇ ಎನ್ನುವುದಕ್ಕೆ ಆಧಾರವಿಲ್ಲ. ಆಡುತ್ತಿದ್ದುದರಿಂದ ಬಿಡಿಸಲು ಸಾಧ್ಯವಾಯಿತು ಎನ್ನಬಹುದು, ಅಷ್ಟೆ.

1942ರ ನವೆಂಬರಿನ ಬಳಿಕ ಜರ್ಮನಿಯು ಅನ್ಯದೇಶಗಳೊಂದಿಗೆ ಆಡುವುದನ್ನು ನಿಲ್ಲಿಸಿತು. 1945ರಲ್ಲಿ ಯುದ್ಧ ಮುಗಿದಾಗ ಕಾತೊವಿತ್ಸೆ ಮತ್ತೆ ಪೋಲೆಂಡಿನದು. ಈ ಬಾರಿ ಸೋವಿಯೆಟ್ ರಷ್ಯದ ನೆರಳಿನಲ್ಲಿದ್ದ ಪೋಲೆಂಡಿನದು. ವಿಲಿಮೊವ್ಸ್ಕಿಗೆ ಅಲ್ಲಿ ದ್ರೋಹಿಯೆಂಬ ಹೆಸರು ಕಾದಿತ್ತು. ಅವನು ಹೋಗಲಿಲ್ಲ. ಆಟದ ಚರಿತ್ರೆಗಳನ್ನು ಬರೆದವರು ಅವನ ಗೋಲುಗಳ ಲೆಕ್ಕವನ್ನು ಕೊಟ್ಟರೂ ಅವನ ವಿಷಯದಲ್ಲಿ ಮೌನವನ್ನೇ ಹಿಡಿದರು. ನಾಲ್ಕು ಗೋಲುಗಳನ್ನು ಅಳಿಸಿದರೆ ಐದಕ್ಕೆ ಆರು ಎಂಬ ಪಂದ್ಯವೇ ಅರ್ಥವಾಗದು. ಇದು ಅವರ ಇಕ್ಕಟ್ಟು.

ಜರ್ಮನಿಯಲ್ಲಾದರೂ ಸುಖವಾಯಿತೇ ಎಂದರೆ, ಹಾಗೂ ಹೇಳಲಾಗದು. ಮೂವತ್ತು ದಾಟಿದವನು ಒಂದು ಸಣ್ಣ ಸಂಘದಿಂದ ಇನ್ನೊಂದಕ್ಕೆ, ಆಗ್ಸ್‌ಬರ್ಗಿನಿಂದ ಆಫೆನ್‌ಬರ್ಗಿಗೆ, ಅಲೆಯುತ್ತಾ ನಲವತ್ತು ಮೀರಿದ ಮೇಲೂ ಆಡಿದನು. 1954ರಲ್ಲಿ ಪಶ್ಚಿಮ ಜರ್ಮನಿಯು ವಿಶ್ವಕಪ್ಪನ್ನು ಗೆದ್ದಾಗ ಅದರ ಶಿಕ್ಷಕನು ಸೆಪ್ ಹೆರ್ಬರ್ಗರ್, ನಾಯಕನು ಫ್ರಿಟ್ಸ್ ವಾಲ್ಟರ್. ಯುದ್ಧಕಾಲದಲ್ಲಿ ಒಬ್ಬನು ಇವನನ್ನು ಆಡಿಸಿದವನು, ಇನ್ನೊಬ್ಬನು ಇವನ ಪಕ್ಕದಲ್ಲಿ ಆಡಿದವನು. ವಾಲ್ಟರನ ಊರು ಕೈಸರ್ಸ್‌ಲೌಟರ್ನ್. ಅದೇ ಊರಿನ ಇನ್ನೊಂದು ಸಂಘದಲ್ಲಿ ಆ ವರ್ಷ ವಿಲಿಮೊವ್ಸ್ಕಿ ಆಡುತ್ತಿದ್ದನು. ಇಡೀ ಜೀವಮಾನದಲ್ಲಿ ಸಾವಿರಕ್ಕೆ ಮೇಲ್ಪಟ್ಟು ಗೋಲು ಹೊಡೆದನೆಂದು ಹೇಳುವವರುಂಟು. ಊರೂರ ಸ್ನೇಹದ ಪಂದ್ಯಗಳನ್ನೂ ಸೇರಿಸಿದ ಆ ಲೆಕ್ಕವನ್ನು ಪರೀಕ್ಷಿಸುವುದು ಕಷ್ಟ.

1938ರ ಬಳಿಕ ಪೋಲೆಂಡ್ ಮತ್ತೆ ವಿಶ್ವಕಪ್ಪಿಗೆ ಬಂದುದು 36 ವರ್ಷಗಳ ಮೇಲೆ, 1974ರಲ್ಲಿ. ಅದೂ ಪಶ್ಚಿಮ ಜರ್ಮನಿಯಲ್ಲಿ ನಡೆದ ಪಂದ್ಯಗಳಿಗೆ. ಪೋಲೆಂಡ್ ಮೂರನೆಯದಾಯಿತು, ಅದರ ಲಾತೊ ಎಂಬವನು ಎಲ್ಲರಿಗಿಂತ ಹೆಚ್ಚಾಗಿ ಏಳು ಗೋಲು ಹೊಡೆದನು. ವಿಲಿಮೊವ್ಸ್ಕಿಗೆ ಆಗ 58 ವರ್ಷ. ಬಿಳಿಯ ಹದ್ದಿನ ಅಂಗಿಯವರು ತಾನಿರುವ ದೇಶಕ್ಕೇ ಬಂದು ಆಡಿ ಹೋದುದನ್ನು ಅವನು ಯಾವ ಮನಸ್ಸಿನಿಂದ ನೋಡಿದನೋ, ವಾಚಕರು ಊಹಿಸಿಕೊಳ್ಳಬೇಕು. ನೀನು ಪೋಲಿಷನೋ ಜರ್ಮನನೋ ಎಂದು ಕೇಳಿದವರಿಗೆ ಅವನು, ನಾನು ಮೇಲಿನ ಸೈಲೀಶಿಯಾದವನು ಎನ್ನುತ್ತಿದ್ದನಂತೆ.

1989ರಲ್ಲಿ ಪೋಲೆಂಡಿನ ಆಡಳಿತ ಬದಲಾಯಿತು, ನಾಲಗೆಗಳು ಸಡಿಲವಾದವು. 1995ರಲ್ಲಿ ರೂಖ್ ಸಂಘವು ತನ್ನ 75ನೆಯ ವರ್ಷದ ಉತ್ಸವಕ್ಕೆ ಅವನನ್ನು ಆಹ್ವಾನಿಸಿತು. ಹಳೆಯ ಮಾತನ್ನು ಮರೆಯದವರ ಗೊಣಗಾಟವೂ ನಡೆಯಿತು. ಪತ್ನಿಗೆ ಅನಾರೋಗ್ಯವೆಂದು ತಿಳಿಸಿ ಅವನು ಹೋಗಲಿಲ್ಲ. 1997ನೆಯ ಆಗಸ್ಟ್ 30ರಂದು ಕಾರ್ಲ್ಸ್‌ರೂಹೆ ನಗರದಲ್ಲಿ 81ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಈಗಿನ ಹುಡುಗರಿಗೆ ಪೋಲೆಂಡಿನ ಆಟಗಾರನೆಂದರೆ ರಾಬರ್ಟ್ ಲೆವಾಂಡೊವ್ಸ್ಕಿ. ಅವನು ಮ್ಯೂನಿಕ್ಕಿನ ಬಾಯರ್ನ್ ಸಂಘಕ್ಕಾಗಿ 2020–21ರಲ್ಲಿ 41 ಗೋಲು ಹೊಡೆದು ಗೆರ್ಡ್ ಮ್ಯುಲ್ಲರನ ಅರ್ಧ ಶತಮಾನದ ದಾಖಲೆಯನ್ನು ಮುರಿದಾಗ ವಾರ್ಸಾದಲ್ಲಿ ಹಬ್ಬವಾಯಿತೇ ಹೊರತು, ಜರ್ಮನರ ಊರಿಗೆ ಆಡಿದನೆಂದು ಯಾರೂ ಮುನಿಯಲಿಲ್ಲ. ಸೈಲೀಶಿಯಾದ ಓಪೊಲೆಯಲ್ಲಿ ಹುಟ್ಟಿದ ಮಿರೊಸ್ಲಾವ್ ಕ್ಲೋಸೆ ಜರ್ಮನಿಯ ಅಂಗಿ ತೊಟ್ಟು 2014ರಲ್ಲಿ ವಿಶ್ವಕಪ್ಪಿನ ತನ್ನ ಹದಿನಾರನೆಯ ಗೋಲು ಹೊಡೆದು ಅಂದಿನವರೆಗಿನವರೆಲ್ಲರನ್ನೂ ಮೀರಿಸಿದನು. ಗ್ಲಿವಿತ್ಸೆಯಲ್ಲಿ ಹುಟ್ಟಿದ ಲೂಕಾಸ್ ಪೊಡೊಲ್ಸ್ಕಿಯ ಕಥೆ ಇನ್ನೂ ಹತ್ತಿರದ್ದು. 2008ನೆಯ ಜೂನ್ 8ರಂದು ಯೂರೋಪಿನ ಕಪ್ಪಿಗಾಗಿ ನಡೆದ ಪಂದ್ಯದಲ್ಲಿ ಜರ್ಮನಿಯು ಪೋಲೆಂಡನ್ನು ಎರಡು ಗೋಲುಗಳಿಂದ ಸೋಲಿಸಿತು, ಎರಡೂ ಇವನವೇ. ಹೊಡೆದ ಮೇಲೆ ಕುಣಿಯಲಿಲ್ಲ, ಕೈ ಎತ್ತಲಿಲ್ಲ. 2021ರಲ್ಲಿ ಆಟದ ಕಡೆಯ ವರ್ಷಗಳನ್ನು ಕಳೆಯಲು ಅವನು ಸೈಲೀಶಿಯಾಕ್ಕೆ ಹಿಂದಿರುಗಿ ಗಣಿಗಾರರ ಊರಾದ ಝಾಬ್ಝೆಯ ಗೂರ್ನಿಕ್ ಸಂಘವನ್ನು ಸೇರಿದನು. ಅಲ್ಲಿಯ ಜನರು ಅವನನ್ನು ಮನೆಯ ಮಗನೆಂದು ಬರಮಾಡಿಕೊಂಡರು. ರೂಖ್ ಸಂಘದ ಖೋಝೂವ್ ಅಲ್ಲಿಂದ ಬಹಳ ದೂರವೇನೂ ಇಲ್ಲ.